ಬಾತೂರ್ ಜ್ವಾಲಾಮುಖಿಯ ಮೇಲೆ ಸೂರ್ಯೋದಯ: ನಂದಿ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಬೆಟ್ಟದ ಮೇಲಿನ ಸೂರ್ಯೋದಯ ಹೊಸದಲ್ಲ. ನಂದಿ, ಸ್ಕಂದಗಿರಿ, ಅಂತರಗಂಗೆ, ಯಾವುದಾದರೂ ಒಂದನ್ನು ಹತ್ತಿಯೇ ಇರುತ್ತೇವೆ. ಆದರೆ ಹಬೆಯಾಡುವ ಬೆಟ್ಟದ ಮೇಲೆ ನಿಂತು ಬೆಳಗು ನೋಡಬೇಕೆಂದರೆ ದೇಶ ಬಿಟ್ಟು ಹೋಗಬೇಕು. ನಮ್ಮ ದೇಶದಲ್ಲಿ ಇನ್ನೂ ಜೀವಂತವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದ್ದು. ಅದನ್ನು ಹಡಗಿನಿಂದಲೇ ನೋಡಿ ಬರಬೇಕು, ಹತ್ತುವ ಹಾಗಿಲ್ಲ.

ನಮಗೆ ಹತ್ತಿರದ, ಮೊದಲ ಸಲ ಹತ್ತುವವರಿಗೂ ಆಗುವ ಜ್ವಾಲಾಮುಖಿ ಎಂದರೆ ಇಂಡೋನೇಷ್ಯಾದ ಬಾಲಿ ದ್ವೀಪದ ಬಾತೂರ್. ಎತ್ತರ 1,717 ಮೀಟರ್. ನಂದಿ ಬೆಟ್ಟ 1,478 ಮೀಟರ್. ಅಂದರೆ ತೀರಾ ಎತ್ತರವೇನಲ್ಲ, ಉಸಿರಾಟಕ್ಕೆ ತೊಂದರೆ ಕೊಡುವ ಗಾಳಿಯೂ ಅಲ್ಲ. ಗೈಡ್ ಜೊತೆ ನಡುರಾತ್ರಿ ಹೊರಟು, ಕತ್ತಲಲ್ಲಿ ಎರಡು ಗಂಟೆ ಹತ್ತಿ, ಬೆಳಕು ಹರಿಯುವ ಹೊತ್ತಿಗೆ ತುದಿಯಲ್ಲಿರುವುದು ಅಲ್ಲಿನ ಪದ್ಧತಿ.

ಈ ಪ್ರವಾಸ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಹಿಂದಿನ ರಾತ್ರಿ ನೀವು ಎಲ್ಲಿ ಮಲಗಿದ್ದಿರಿ ಅನ್ನುವುದರ ಮೇಲೆ ನಿಂತಿದೆ. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸಗಳು.

ಯಾವಾಗ ಹೋಗಬೇಕು

ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ನಮಗೆ ಮಳೆಗಾಲ ಇರುವಾಗ ಅಲ್ಲಿ ಆಕಾಶ ತಿಳಿಯಾಗಿರುತ್ತದೆ. ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರಿಗೆ ಕೊಯ್ಲು ಮುಗಿದ ಮೇಲೆ ಸಿಗುವ ಬಿಡುವಿಗೆ ಇದು ಸರಿಯಾಗಿ ಹೊಂದುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೇರೆ ದೇಶದವರ ನೂಕುನುಗ್ಗಲು ಜಾಸ್ತಿ, ದರವೂ ಜಾಸ್ತಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು. ಡಿಸೆಂಬರ್, ಜನವರಿ ಬೇಡ. ಶಾಲೆಗೆ ರಜೆ ಅಂತ ಹೊರಟರೆ ಮೋಡ ನೋಡಿ ಬರಬೇಕಾಗುತ್ತದೆ.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್‌ನಲ್ಲಿ ನ್ಯೆಪಿ ಹಬ್ಬವನ್ನು ಒಮ್ಮೆ ನೋಡಿಕೊಳ್ಳಿ. ಅದು ಬಾಲಿಯ ಹಿಂದೂಗಳ ಹೊಸ ವರ್ಷ. ನಮ್ಮ ಪಂಚಾಂಗದ ಹಾಗೆ ಅವರದೂ ಶಕ ವರ್ಷದ ಲೆಕ್ಕವೇ, ಹಾಗಾಗಿ ಎಷ್ಟೋ ವರ್ಷ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಆ ದಿನ ಇಡೀ ದ್ವೀಪ ಮೌನ. ದೀಪ ಹಚ್ಚುವುದಿಲ್ಲ, ಯಾರೂ ಬೀದಿಗೆ ಇಳಿಯುವುದಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲ್ ಒಳಗೇ ಇರಬೇಕು. ಅಂಥ ದಿನ ಯಾವ ಟೂರ್ ಕೂಡ ಇರುವುದಿಲ್ಲ.

ಕಾಗದಪತ್ರ ಮತ್ತು ದುಡ್ಡು

ಪಾಸ್‌ಪೋರ್ಟ್ ಅವಧಿ ಬಾಲಿಗೆ ಇಳಿಯುವ ದಿನದಿಂದ ಕನಿಷ್ಠ 6 ತಿಂಗಳು ಇರಬೇಕು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 30 ದಿನದ ವೀಸಾ ಸಿಗುತ್ತದೆ, ಶುಲ್ಕ 5 ಲಕ್ಷ ರುಪಿಯಾ. ಹೊರಡುವ ಮೊದಲೇ ಇಂಡೋನೇಷ್ಯಾ ಸರ್ಕಾರದ ವೀಸಾ ತಾಣದಲ್ಲಿ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಇಳಿದ ಮೇಲೆ ಸಾಲು ನಿಲ್ಲುವುದು ತಪ್ಪುತ್ತದೆ. ಅದೇ ತರಹ ಕಾಣುವ ಖಾಸಗಿ ತಾಣಗಳು ಬೇಕಾದಷ್ಟಿವೆ, ಅವು ಸುಮ್ನೆ ಹೆಚ್ಚು ದುಡ್ಡು ಕೀಳುತ್ತವೆ. ವಿಳಾಸ ನೋಡಿ ಒತ್ತಿ. 2024ರ ಫೆಬ್ರವರಿಯಿಂದ ಬಾಲಿ ಪ್ರಾಂತ್ಯ ವಿದೇಶಿ ಪ್ರವಾಸಿಗರಿಂದ ಬೇರೆಯಾಗಿ 1.5 ಲಕ್ಷ ರುಪಿಯಾ ವಸೂಲಿ ಮಾಡುತ್ತದೆ, ಅದನ್ನೂ ಆನ್‌ಲೈನ್‌ನಲ್ಲೇ ಕಟ್ಟಬಹುದು. ರಸೀದಿಯ ಕೋಡ್ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಲಕ್ಷ ಅಂದ ಕೂಡಲೇ ಗಾಬರಿ ಬೇಡ. ಅವರ ಒಂದು ಲಕ್ಷ ರುಪಿಯಾ ನಮ್ಮ ಐನೂರು ರೂಪಾಯಿಯ ಆಸುಪಾಸು. ಆದರೆ ಸೊನ್ನೆಗಳು ಜಾಸ್ತಿ ಇರುವುದರಿಂದ 10 ಸಾವಿರದ ನೋಟು ಎಂದುಕೊಂಡು 1 ಲಕ್ಷದ್ದು ಕೊಡುವುದು ಸುಲಭ, ಅದರಲ್ಲೂ ಕತ್ತಲಲ್ಲಿ. ಬೆಟ್ಟಕ್ಕೆ ಬೇಕಾಗುವಷ್ಟು ಚಿಲ್ಲರೆ ನೋಟುಗಳನ್ನು ಹಿಂದಿನ ದಿನವೇ ಬೇರೆ ಮಾಡಿ ಇಟ್ಟುಕೊಳ್ಳಿ.

ಪ್ರಯಾಣ ವಿಮೆ ಮಾಡಿಸುವಾಗ ಒಂದು ಪ್ರಶ್ನೆ ಕೇಳಲೇಬೇಕು: ಬೆಟ್ಟ ಹತ್ತುವಾಗ ಬಿದ್ದು ಏಟಾದರೆ ಆಸ್ಪತ್ರೆ ಖರ್ಚು ಕೊಡುತ್ತೀರಾ? ಎಲ್ಲ ಪಾಲಿಸಿಗಳೂ ಕೊಡುವುದಿಲ್ಲ. ಬರಹದಲ್ಲಿ ಇದ್ದರೆ ಮಾತ್ರ ನಂಬಿ.

ಕಾಲಿಗೆ ಅಭ್ಯಾಸ

ಇದಕ್ಕೆ ನಮಗಿಂತ ಅನುಕೂಲ ಇರುವವರು ಯಾರೂ ಇಲ್ಲ. ಬಾತೂರ್‌ನ ಬುಡದಲ್ಲಿರುವ ಸರೋವರವೇ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಹಾಗಾಗಿ ನಿಜವಾಗಿ ಹತ್ತುವುದು ಆರೇಳು ನೂರು ಮೀಟರ್ ಅಷ್ಟೇ. ಸುಲ್ತಾನ್‌ಪೇಟೆಯ ಕಡೆಯಿಂದ ನಂದಿಗೆ ಹೋಗುವ ಹಳೆಯ ಮೆಟ್ಟಿಲು ದಾರಿ ಇದೆಯಲ್ಲ, ಹೊರಡುವ ಮೊದಲ ಒಂದು ತಿಂಗಳು ವಾರಕ್ಕೊಮ್ಮೆ ಅದನ್ನು ಹತ್ತಿ ಇಳಿಯಿರಿ. ತುಮಕೂರಿನವರಿಗೆ ಮಧುಗಿರಿಯ ಕೋಟೆ ಬೆಟ್ಟ ಇದೆ, ಕೋಲಾರದವರಿಗೆ ಅಂತರಗಂಗೆ. ಸ್ಕಂದಗಿರಿ ಆದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಕೊಂಡೇ ಹೋಗಿ. ಅಭ್ಯಾಸಕ್ಕೆ ಅಂತ ರಾತ್ರಿ ಕದ್ದು ಹತ್ತುವುದು ಬೇಡ.

ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಮುಖ್ಯ. ನಮ್ಮ ಬೆಟ್ಟಗಳು ಗಟ್ಟಿ ಬಂಡೆ, ಕಾಲು ಊರಿದರೆ ನಿಲ್ಲುತ್ತದೆ. ಬಾತೂರ್‌ನ ಮೇಲ್ಭಾಗ ಹಾಗಲ್ಲ. ಲಾವಾ ಒಡೆದು ಆದ ಕಪ್ಪು ಮರಳು, ತೂತು ತೂತಾದ ಹಗುರ ಕಲ್ಲು. ನಮ್ಮ ಕ್ರಷರ್‌ಗಳ ಮುಂದೆ ಸುರಿದ ಜಲ್ಲಿ ರಾಶಿಯ ಮೇಲೆ ನಡೆದ ಹಾಗೆ ಕಾಲು ಜಾರುತ್ತದೆ. ಮಂಡಿನೋವು ಇರುವವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಅಂಥವರಿಗೆ, ವಯಸ್ಸಾದ ಅಪ್ಪ ಅಮ್ಮನಿಗೆ, ಜೀಪ್ ಟೂರ್ ಇದೆ. ಸೂರ್ಯೋದಯ ಚೆನ್ನಾಗಿ ಕಾಣುವ ಒಂದು ಎತ್ತರಕ್ಕೆ ಜೀಪಿನಲ್ಲೇ ಕರೆದೊಯ್ದು, ಆಮೇಲೆ ಕೆಳಗಿನ ಕಪ್ಪು ಲಾವಾ ಬಯಲನ್ನು ತೋರಿಸುತ್ತಾರೆ. ಮನೆಮಂದಿಯೆಲ್ಲ ಹೋದರೆ ಅರ್ಧ ಜನ ಹತ್ತಿ, ಅರ್ಧ ಜನ ಜೀಪಿನಲ್ಲಿ ಹೋಗಿ ಕೆಳಗೆ ಸೇರುವುದು ಒಳ್ಳೆಯ ಏರ್ಪಾಡು.

ಟೂರ್ ಗೊತ್ತು ಮಾಡುವುದು

ಬಾತೂರ್‌ಗೆ ಗೈಡ್ ಇಲ್ಲದೆ ಹೋಗುವ ಯೋಚನೆಯೇ ಬೇಡ. ಅಲ್ಲಿನ ಊರಿನ ಗೈಡ್‌ಗಳು ಸಂಘ ಕಟ್ಟಿಕೊಂಡಿದ್ದಾರೆ, ದಾರಿ ಅವರ ಉಸ್ತುವಾರಿಯಲ್ಲಿದೆ. ಒಬ್ಬರೇ ಹೊರಟರೆ ಬುಡದಲ್ಲೇ ತಡೆಯುತ್ತಾರೆ. ನನ್ನ ಮಟ್ಟಿಗೆ ಇದು ಸರಿಯಾದ ಕ್ರಮವೇ. ಬೆಟ್ಟ ಸಿಡಿದಾಗ ಊರು ಕಳೆದುಕೊಂಡವರು ಅವರು, ಆ ಬೆಟ್ಟದ ಆದಾಯವೂ ಅವರಿಗೆ ಸೇರಬೇಕು ಅಲ್ವಾ?

ಬುಕ್ ಮಾಡುವ ಮೊದಲು ಟೂರ್‌ನವರಿಗೆ ಮೆಸೇಜ್ ಕಳಿಸಿ ಇಷ್ಟನ್ನು ಖಚಿತ ಮಾಡಿಕೊಳ್ಳಿ. ಹೇಳಿದ ದರ ಒಬ್ಬರಿಗೋ, ಇಡೀ ಗುಂಪಿಗೋ? ಪ್ರವೇಶ ಶುಲ್ಕ, ಟಾರ್ಚ್, ತಿಂಡಿ, ವಾಹನ ಅದರಲ್ಲೇ ಸೇರಿದೆಯೋ? ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕು ಜನಕ್ಕೆ ಒಬ್ಬರಿದ್ದರೆ ನಿಧಾನವಾಗಿ ಹತ್ತುವವರಿಗೂ ನೆಮ್ಮದಿ. ಎಂಟು ಹತ್ತು ಜನಕ್ಕೆ ಒಬ್ಬರಾದರೆ ಹಿಂದೆ ಉಳಿದವರ ಗತಿ ಕಷ್ಟ. ಇನ್ನೊಂದು, ಕರೆದೊಯ್ಯುವುದು ತುದಿಯವರೆಗೋ, ಅದಕ್ಕಿಂತ ಕೆಳಗಿನ ಒಂದು ಜಾಗದವರೆಗೋ? ಬೆಳಕಾದ ಮೇಲೆ ಕುಳಿಯ ಅಂಚಿನಲ್ಲಿ ನಡೆಸುತ್ತಾರೋ? ಕೆಲವರು ಇದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಮೊದಲೇ ಮಾತಾದರೆ ಬೆಟ್ಟದ ಮೇಲೆ ಚೌಕಾಸಿ ಇರುವುದಿಲ್ಲ.

ಸಸ್ಯಾಹಾರಿಗಳು ಇದನ್ನು ಬುಕ್ ಮಾಡುವಾಗಲೇ ಹೇಳಬೇಕು. ಅಲ್ಲಿ ಬೆಳಗಿನ ತಿಂಡಿ ಅಂದರೆ ಬ್ರೆಡ್, ಬಾಳೆಹಣ್ಣು ಮತ್ತು ಮೊಟ್ಟೆ. ಮೊಟ್ಟೆಯನ್ನು ಬೆಟ್ಟದ ಬಿರುಕಿನಿಂದ ಬರುವ ಬಿಸಿ ಹಬೆಯಲ್ಲೇ ಬೇಯಿಸಿ ಕೊಡುವುದು ಅವರಿಗೆ ಹೆಮ್ಮೆ. ಮೊಟ್ಟೆ ಬೇಡ ಅನ್ನುವುದಕ್ಕೆ ‘ತನ್ಪಾ ತೆಲೂರ್’ ಅಂದರೆ ಸಾಕು.

ಜ್ವಾಲಾಮುಖಿಯ ಸ್ಥಿತಿ ನೋಡುವುದು ಟೂರ್‌ನವರ ಕೆಲಸ ಅಂತ ಬಿಡಬೇಡಿ. ಇಂಡೋನೇಷ್ಯಾ ಸರ್ಕಾರದ ಜ್ವಾಲಾಮುಖಿ ಕೇಂದ್ರ ಪ್ರತಿ ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಇಟ್ಟಿದೆ. ಒಂದನೆಯದು ಸಾಮಾನ್ಯ ಸ್ಥಿತಿ. ಎರಡನೆಯದು ‘ವಸ್ಪಾದ’ (ಎಚ್ಚರ), ಮೂರನೆಯದು ‘ಸಿಯಾಗಾ’ (ಸಜ್ಜಾಗಿರಿ), ನಾಲ್ಕನೆಯದು ‘ಅವಾಸ್’ (ಅಪಾಯ). ಅವರ ‘ಮಾಗ್ಮಾ ಇಂಡೋನೇಷ್ಯಾ’ ತಾಣದಲ್ಲಿ ಯಾವ ಬೆಟ್ಟ ಯಾವ ಹಂತದಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಎರಡಕ್ಕೆ ಏರಿದ್ದರೂ ಹತ್ತಬೇಡಿ. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಬೆಟ್ಟ ಎರಡನೇ ಹಂತದಲ್ಲಿ ಇದ್ದಾಗಲೇ ಇದ್ದಕ್ಕಿದ್ದಂತೆ ಸಿಡಿಯಿತು. ಮೇಲೆ ಹತ್ತಿದ್ದವರಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಕುಳಿಯಿಂದ 3 ಕಿಲೋಮೀಟರ್ ದೂರ ಇರಿ ಎಂಬ ಸೂಚನೆ ಆಗ ಇತ್ತು. ಕಟ್ಟಿದ ದುಡ್ಡು ಹೋದರೆ ಹೋಗಲಿ.

ಹಿಂದಿನ ರಾತ್ರಿ

ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ಕೂಟಾ, ಸೆಮಿನ್ಯಾಕ್ ಕಡೆ ಕಡಲತೀರದ ಹೋಟೆಲ್ ಹಿಡಿಯುತ್ತಾರೆ. ಅಲ್ಲಿಂದಲೇ ಟೂರ್ ಬುಕ್ ಮಾಡುತ್ತಾರೆ. ಕಡಲತೀರದಿಂದ ಬಾತೂರ್‌ನ ಬುಡಕ್ಕೆ ಸುಮಾರು ಎರಡು ಗಂಟೆ ದಾರಿ. ಹಾಗಾಗಿ ವ್ಯಾನ್ ನಡುರಾತ್ರಿ ಒಂದೂವರೆ, ಎರಡಕ್ಕೆ ಬಂದು ನಿಲ್ಲುತ್ತದೆ.

ಈಗ ನಮ್ಮ ಗಡಿಯಾರದ ಲೆಕ್ಕ ನೋಡಿ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ ಎರಡು ಅಂದರೆ ನಮ್ಮಲ್ಲಿ ಹನ್ನೊಂದೂವರೆ. ಊರಿಂದ ಬಂದು ಒಂದೆರಡು ದಿನ ಆಗಿರುವ ದೇಹಕ್ಕೆ ಅದು ಆಗ ತಾನೇ ಮಲಗುವ ಹೊತ್ತು. ರಾತ್ರಿ ಎಂಟಕ್ಕೇ ಮಲಗಿ ಎಂದು ಟೂರ್‌ನವರು ಸಲಹೆ ಕೊಡುತ್ತಾರೆ, ಆದರೆ ಅದು ನಮ್ಮ ಸಂಜೆ ಐದೂವರೆ. ಯಾರಿಗೆ ನಿದ್ದೆ ಬರುತ್ತದೆ? ನಿದ್ದೆಯಿಲ್ಲದೆ ವ್ಯಾನ್ ಹತ್ತಿ, ತಿರುವು ರಸ್ತೆಯಲ್ಲಿ ತಲೆ ಸುತ್ತಿ, ಮೇಲೆ ತಲುಪುವ ಹೊತ್ತಿಗೆ ನೋಡುವ ಚೈತನ್ಯವೇ ಇರುವುದಿಲ್ಲ.

ಅದಕ್ಕೇ ನನ್ನ ಸಲಹೆ ಸ್ಪಷ್ಟ. ಹಿಂದಿನ ದಿನ ಮಧ್ಯಾಹ್ನವೇ ಬೆಟ್ಟದ ಬುಡಕ್ಕೆ ಹೋಗಿ ಉಳಿಯಿರಿ. ಬಾತೂರ್ ಸರೋವರದ ದಡದಲ್ಲಿ ತೋಯಾ ಬುಂಕಾ ಅನ್ನುವ ಹಳ್ಳಿ ಇದೆ, ಹತ್ತುವ ದಾರಿಗಳಲ್ಲಿ ಒಂದು ಅಲ್ಲಿಂದಲೇ ಶುರು. ಸಣ್ಣ ಹೋಂಸ್ಟೇಗಳಿವೆ. ಬೆಟ್ಟವನ್ನೂ ಸರೋವರವನ್ನೂ ಸುತ್ತುವರಿದ ಎತ್ತರದ ಅಂಚಿನ ಮೇಲಿರುವ ಕಿಂತಾಮಣಿಯಲ್ಲೂ ತಂಗುವ ಜಾಗಗಳಿವೆ. ಕಿಂತಾಮಣಿ ಅಂದ ಕೂಡಲೇ ನಮ್ಮ ಚಿಂತಾಮಣಿಯ ನೆನಪಾಗುವುದು ಸಹಜ. ತೋಯಾ ಬುಂಕಾದಲ್ಲಿ ಉಳಿದರೆ ಮೂರೂವರೆಗೆ ಎದ್ದರೂ ಸಾಕು. ಒಂದೂವರೆ ಎರಡು ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ, ಅದೂ ಒಂದೇ ಸಮನೆ. ಸಂಜೆ ಬೆಳಕಿನಲ್ಲಿ ಬೆಟ್ಟವನ್ನು ಕೆಳಗಿನಿಂದ ನೋಡಿಕೊಂಡಿರುತ್ತೀರಿ. ಗೈಡ್ ಸಿಕ್ಕರೆ ಮುಖ ಪರಿಚಯವೂ ಆಗುತ್ತದೆ. ಅಲ್ಲಿ ಗಂಡಸರನ್ನು ‘ಬ್ಲಿ’ ಅಂತ ಕರೆಯುತ್ತಾರೆ, ನಾವು ಅಣ್ಣ ಅನ್ನುವ ಹಾಗೆ. ಹಾಗೆ ಕರೆದರೆ ಅವರಿಗೂ ಖುಷಿ.

ಬಾಲಿಗೆ ಇಳಿದ ಮೊದಲ ರಾತ್ರಿಯೇ ಮಾತ್ರ ಹತ್ತಬೇಡಿ. ಎರಡು ಮೂರು ದಿನ ಉಬುದ್ ಕಡೆ ಸುತ್ತಾಡಿ, ಆಮೇಲೆ ಬಾತೂರ್. ಉಬುದ್‌ನಿಂದ ಅಲ್ಲಿಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು.

ಚೀಲದಲ್ಲಿ ಏನಿರಬೇಕು

ಹಿಡಿತವಿರುವ ಶೂ. ಇದೊಂದರಲ್ಲಿ ರಾಜಿ ಬೇಡ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಖಾಲಿ ಇರುತ್ತವೆ. ಒಂದರಿಂದ ಒಂದೂವರೆ ಲೀಟರ್ ನೀರು. ಸ್ವೆಟರ್ ಅಥವಾ ಜಾಕೆಟ್, ಮತ್ತು ಒಂದು ಒಣ ಅಂಗಿ. ಹತ್ತುವಾಗ ಬೆವರುತ್ತೀರಿ, ಮೇಲೆ ಹೋಗಿ ನಿಂತ ಐದು ನಿಮಿಷಕ್ಕೆ ಆ ಬೆವರೇ ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಡಿಸೆಂಬರ್‌ನ ನಂದಿಯ ಬೆಳಗಿನ ಚಳಿಗೆ ಏನು ಹಾಕಿಕೊಳ್ಳುತ್ತೀರೋ ಅಷ್ಟು ಇರಲಿ. ಧೂಳಿಗೆ ಒಂದು ಮಾಸ್ಕ್ ಅಥವಾ ಕರ್ಚೀಫು. ಅಸ್ತಮಾ ಇರುವವರು ಇನ್‌ಹೇಲರ್ ಮರೆಯಬಾರದು. ತಿನ್ನುವುದಕ್ಕೆ ಕಡ್ಲೆಬೀಜದ ಚಿಕ್ಕಿ, ನಿಪ್ಪಟ್ಟು, ಹುರಿಗಾಳು ಚೆನ್ನಾಗಿ ಆಗುತ್ತವೆ. ಹಸಿ ಹಣ್ಣು, ಸಸಿ, ಬಿತ್ತನೆ ಬೀಜ ಇಂಥವನ್ನು ಊರಿಂದ ಒಯ್ಯಬೇಡಿ. ಕಸ್ಟಮ್ಸ್‌ನಲ್ಲಿ ತೊಂದರೆ.

ಶೌಚಾಲಯ ಇರುವುದು ಬುಡದಲ್ಲಿ. ಹೊರಡುವ ಮೊದಲೇ ಮುಗಿಸಿ.

ಹತ್ತುವಾಗ

ನಾಲ್ಕರ ಸುಮಾರಿಗೆ ನಡೆಯಲು ಶುರು. ಮೊದಲ ಭಾಗ ತೋಟ, ಗಿಡಮರಗಳ ನಡುವಿನ ಮಣ್ಣಿನ ದಾರಿ. ಇಲ್ಲಿ ಸಲೀಸು ಅಂತ ಜೋರಾಗಿ ನಡೆದು ಸುಸ್ತಾಗಬೇಡಿ. ಅರ್ಧ ದಾರಿಯ ನಂತರ ಏರು ಕಡಿದಾಗುತ್ತದೆ, ಕಲ್ಲುಮರಳು ಬರುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಪೂರ್ತಿ ಊರಿ. ಗೈಡ್ ವೇಗವಾಗಿ ಹೋಗುತ್ತಿದ್ದರೆ ‘ಪೆಲಾನ್ ಪೆಲಾನ್’ ಅನ್ನಿ, ನಿಧಾನ ಮಾಡುತ್ತಾರೆ. ದಾರಿಯಲ್ಲಿ ಮೋಟಾರ್ ಬೈಕಿನವರು ಮೇಲಕ್ಕೆ ಬಿಡುತ್ತೇವೆ ಎಂದು ಕೇಳುತ್ತಾರೆ. ನಿಜವಾಗಿ ಕೈಲಾಗದಿದ್ದರೆ ತಪ್ಪೇನಿಲ್ಲ, ದರ ಮಾತಾಡಿ ಹತ್ತಿ.

ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಗೈಡ್‌ನ ಹಿಂದೆಯೇ ಬಿಡಿ. ಅವರ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಲಿ. ಹಿಂದೆ ಬಿಟ್ಟರೆ ಅವರು ತಲುಪುವಷ್ಟರಲ್ಲಿ ಮುಂದಿನವರು ದಣಿವಾರಿಸಿಕೊಂಡು ಮತ್ತೆ ಹೊರಟಿರುತ್ತಾರೆ. ಪಾಪ, ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಸೂರ್ಯ ಹುಟ್ಟುವ ಹೊತ್ತು ತಿಂಗಳಿನ ಮೇಲೆ ಬದಲಾಗುತ್ತದೆ. ಜುಲೈನಲ್ಲಿ ಆರೂವರೆಯ ಆಸುಪಾಸು, ಅಕ್ಟೋಬರ್ ಕೊನೆಗೆ ಆರಕ್ಕೂ ಮೊದಲು. ಅದಕ್ಕೆ ಅರ್ಧ ಗಂಟೆ ಮುಂಚೆಯೇ ಮೇಲಿರಿ. ಬಣ್ಣ ಇರುವುದು ಆ ಅರ್ಧ ಗಂಟೆಯಲ್ಲಿ.

ಮೇಲೆ ಏನು ನೋಡಬೇಕು

ಎಲ್ಲರೂ ಸೂರ್ಯನ ಕಡೆಗೇ ಮೊಬೈಲ್ ಹಿಡಿದಿರುತ್ತಾರೆ. ಪೂರ್ವಕ್ಕೆ ಸಮುದ್ರದಾಚೆ ಲೊಂಬೊಕ್ ದ್ವೀಪದ ರಿಂಜಾನಿ, 3,726 ಮೀಟರ್. ಆಗ್ನೇಯಕ್ಕೆ ಆಬಾಂಗ್, ಅದರ ಹಿಂದೆ ಬಾಲಿಯವರ ಅತಿ ಪವಿತ್ರ ಬೆಟ್ಟ ಆಗುಂಗ್. ಕೆಳಗೆ ಸರೋವರ. ಇಷ್ಟನ್ನು ಕಣ್ತುಂಬ ನೋಡಿ, ಆಮೇಲೆ ಸುತ್ತಲೂ ಒಮ್ಮೆ ತಿರುಗಿ. ದೂರದಲ್ಲಿ ಗೋಡೆಯ ಹಾಗೆ ಒಂದು ಅಂಚು ಕಾಣುತ್ತದೆ. ನೀವು ನಿಂತಿರುವುದು ಒಂದು ದೊಡ್ಡ ಬಟ್ಟಲಿನ ಒಳಗೆ. ಸುಮಾರು 29 ಸಾವಿರ ವರ್ಷದ ಹಿಂದೆ ಇಲ್ಲಿದ್ದ ಹಳೆಯ ಜ್ವಾಲಾಮುಖಿ ಭಾರಿಯಾಗಿ ಸಿಡಿದು, ಹೊಟ್ಟೆ ಬರಿದಾಗಿ, ಒಳಕ್ಕೆ ಕುಸಿಯಿತು. ಸುಮಾರು 20 ಸಾವಿರ ವರ್ಷದ ಹಿಂದೆ ಇನ್ನೊಮ್ಮೆ. ಹೊರಗಿನ ಬಟ್ಟಲು 13 ಕಿಲೋಮೀಟರಿಗೂ ಉದ್ದ, 10 ಕಿಲೋಮೀಟರ್ ಅಗಲ. ಅದರ ನಡುವೆ ಮತ್ತೆ ಎದ್ದು ಬೆಳೆದ ಕೂಸು ಈ ಬಾತೂರ್.

ಕಪ್ಪು ಲಾವಾ ಹರಿದ ಗುರುತು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. 1926ರಲ್ಲಿ ಲಾವಾ ಹರಿದು ಬಾತೂರ್ ಹಳ್ಳಿಯನ್ನು ಮುಚ್ಚಿತು. ಜನ ತಮ್ಮ ದೇವಸ್ಥಾನವನ್ನೂ ಊರನ್ನೂ ಬಟ್ಟಲಿನ ಮೇಲಿನ ಅಂಚಿಗೆ ಸಾಗಿಸಿದರು. ಅದೇ ಈಗಿನ ಪುರಾ ಉಲುನ್ ದಾನು ಬಾತೂರ್. ಅಲ್ಲಿ ಪೂಜೆ ಆಗುವುದು ದೇವಿ ದಾನು ಎಂಬ ಸರೋವರದ ತಾಯಿಗೆ. ಆ ಸರೋವರದಿಂದ ಹೊಳೆಯಾಗಿ ಹೊರಗೆ ಹರಿಯುವ ದಾರಿಯಿಲ್ಲ. ನೀರು ನೆಲದೊಳಗೆ ಇಳಿದು, ಕೆಳಗಿನ ಊರುಗಳಲ್ಲಿ ಬುಗ್ಗೆಯಾಗಿ ಏಳುತ್ತದೆ. ಆ ನೀರನ್ನು ಗದ್ದೆಗೆ ಹಂಚಿಕೊಳ್ಳುವ ರೈತರ ಒಕ್ಕೂಟಗಳಿಗೆ ಸುಬಕ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೋ ಈ ದೇವಸ್ಥಾನವನ್ನೂ ಸೇರಿಸಿ ಸುಬಕ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆರೆಯ ತೂಬು, ನೀರುಗಂಟಿ, ನೀರಿನ ಸರದಿ, ಇದೆಲ್ಲ ಗೊತ್ತಿರುವ ನಮ್ಮ ಸೀಮೆಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಪಾಲಾರ್, ಪೆನ್ನಾರ್ ಹುಟ್ಟುವ ನಂದಿಯ ಸುತ್ತಲೇ ನೀರಿಗೆ ಪರದಾಡುವ ನಮಗೆ ಅಲ್ಲಿನ ರೈತರಿಂದ ಕಲಿಯುವುದೂ ಇದೆ. ಸಮಯವಿದ್ದರೆ ಆ ದೇವಸ್ಥಾನಕ್ಕೆ ಹೋಗದೆ ಬರಬೇಡಿ. ಸೊಂಟಕ್ಕೆ ಸರೋಂಗ್ ಸುತ್ತಿಕೊಂಡೇ ಒಳಗೆ ಹೋಗಬೇಕು.

ಕೆಜಿಎಫ್ ಕಡೆಯವರು ಆ ಕಪ್ಪು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಹಾಗೆಯೇ ಅಲ್ಲೇ ಇಟ್ಟು ಬನ್ನಿ. ನಿಮ್ಮ ಚಿನ್ನದ ಗಣಿಯ ಸುತ್ತಲಿನ ಕಪ್ಪು ಕಲ್ಲೂ ಒಂದು ಕಾಲಕ್ಕೆ ಹೀಗೇ ಲಾವಾ ಆಗಿತ್ತು, ಸುಮಾರು 270 ಕೋಟಿ ವರ್ಷದ ಹಿಂದೆ. ಕೋಲಾರ ಜಿಲ್ಲೆಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದು ಬಿದ್ದ ತುಣುಕುಗಳಿಂದಾದ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬಾತೂರ್ ನೋಡಿದ ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದರೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೇಲೆ ಕೋತಿಗಳಿವೆ. ನಂದಿಯ ಕೋತಿಗಳ ಅನುಭವ ಇರುವವರಿಗೆ ಹೇಳಬೇಕಿಲ್ಲ, ಚೀಲದ ಜಿಪ್ ಹಾಕಿಡಿ. ಹಬೆ ಬರುವ ಬಿರುಕಿಗೆ ಕೈ ಒಡ್ಡುವಾಗ ಗೈಡ್ ತೋರಿಸಿದ ಜಾಗದಲ್ಲಿ ಮಾತ್ರ ಒಡ್ಡಿ, ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಕಲ್ಲಿನ ಮೇಲೆ ಎಲೆಯ ಪುಟ್ಟ ಬುಟ್ಟಿಯಲ್ಲಿ ಹೂವು, ಅಕ್ಕಿ ಇಟ್ಟಿರುತ್ತಾರೆ. ಅದು ನೈವೇದ್ಯ, ತುಳಿಯಬೇಡಿ, ದಾಟಬೇಡಿ.

ಇಳಿದ ಮೇಲೆ

ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರಿ ಬನ್ನಿ. ಅವಸರ ಮಾಡಿದವರೇ ಬೀಳುವುದು. ಹೆಚ್ಚು ಜನಕ್ಕೆ ಏಟಾಗುವುದು ಇಲ್ಲೇ, ಹತ್ತುವಾಗ ಅಲ್ಲ. ಬುಡ ತಲುಪಿದ ಮೇಲೆ ಗೈಡ್‌ಗೆ ಕೈಲಾದಷ್ಟು ಭಕ್ಷೀಸು ಕೊಡಿ. ದಿನವೂ ರಾತ್ರಿ ನಿದ್ದೆ ಬಿಟ್ಟು ನಮ್ಮಂಥವರನ್ನು ಕೈಹಿಡಿದು ಹತ್ತಿಸುವವರು ಅವರು. ತೋಯಾ ಬುಂಕಾದಲ್ಲಿ ಸರೋವರದ ಪಕ್ಕವೇ ಬಿಸಿನೀರಿನ ಕೊಳಗಳಿವೆ, ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂತರೆ ಮೀನಖಂಡದ ನೋವು ಇಳಿಯುತ್ತದೆ.

ಅದೇ ದಿನ ಸಂಜೆ ಊರಿಗೆ ವಿಮಾನ ಇಟ್ಟುಕೊಳ್ಳಬೇಡಿ. ಬಾತೂರ್ ಶಾಂತವಾಗಿದ್ದರೂ ಅಕ್ಕಪಕ್ಕದ ಬೆಟ್ಟಗಳ ಬೂದಿ ವಿಮಾನ ನಿಲ್ಲಿಸಬಲ್ಲದು. 2017ರ ನವೆಂಬರ್‌ನಲ್ಲಿ ಆಗುಂಗ್ ಸಿಡಿದಾಗ ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ಪೂರ್ವದ ಫ್ಲೋರೆಸ್ ದ್ವೀಪದ ಲೆವೊತೊಬಿ ಸಿಡಿದು ಬಾಲಿಯ ಎಷ್ಟೋ ವಿಮಾನಗಳು ರದ್ದಾದವು. ಹಾಗಾಗಿ ಬೆಟ್ಟಕ್ಕೂ ವಿಮಾನಕ್ಕೂ ನಡುವೆ ಕನಿಷ್ಠ ಒಂದು ದಿನ ಇರಲಿ. ಊರಿಗೆ ಬಂದ ಮರುದಿನವೇ ಮದುವೆ, ಪರೀಕ್ಷೆ, ಕೋರ್ಟು ಕೆಲಸ ಇದ್ದರೆ ಎರಡು ದಿನ ಇಟ್ಟುಕೊಳ್ಳಿ.